ಬೀಚಿನ ಫೋಟೋ ಹಾಕಿದಿರಿ, ಉಳಿದದ್ದನ್ನು ಯಾರು ಹೇಳಬೇಕು?

ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಯಿಂದ ಶನಿವಾರ ಟಿಟಿ (ಟೆಂಪೋ ಟ್ರಾವೆಲರ್) ಹತ್ತಿ ಗೋಕರ್ಣಕ್ಕೆ ಹೋಗಿ ಬಂದ, ಮುಂದಿನ ಶನಿವಾರ ಹೋಗಲಿರುವ ಎಲ್ಲ ಗೆಳೆಯ ಗೆಳತಿಯರಿಗೆ,



ಗೋಕರ್ಣದಿಂದ ಬಂದ ಮರುದಿನವೇ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋಗಳ ಮಳೆ ಸುರಿಯಿತು. ಬಂಡೆಯ ಮೇಲೆ ಕೈ ಚಾಚಿ ನಿಂತವರು, ಟೆಂಟಿನಿಂದ ತಲೆ ಹೊರಹಾಕಿ ನಕ್ಕವರು, ಬೆಂಕಿಯ ಸುತ್ತ ಕುಣಿದವರು. ಕೆಳಗೆ ‘ಸೂಪರ್’, ‘ಮತ್ತ ಹೋಗೂಣು’ ಎಂಬ ಮಾತುಗಳು. ವಾಪಸ್ ಬರುವಾಗ ಶಿರಸಿಯವರೆಗೂ ಟಿಟಿ ತುಂಬ ಬೈಗುಳವೇ ಇತ್ತಲ್ಲ, ಅದರ ಒಂದಕ್ಷರವೂ ಅಲ್ಲಿರಲಿಲ್ಲ. ನಮ್ಮ ಟ್ರಿಪ್ ಮಾಡಿಸಿದ ಪ್ಯಾಕೇಜಿನವರು ಆ ಫೋಟೋಗಳನ್ನೇ ಎತ್ತಿಕೊಂಡು ಮುಂದಿನ ಟ್ರಿಪ್ಪಿನ ಪೋಸ್ಟರ್ ಮಾಡಿದರು. ಅದನ್ನು ನೋಡಿ ಬ್ಯಾಡಗಿಯ ಇನ್ನೊಂದು ಹುಡುಗರ ಗುಂಪು ಅಡ್ವಾನ್ಸ್ ಕೊಟ್ಟಿದೆ ಎಂದು ಕೇಳಿದ ಮೇಲೆ ಈ ಪತ್ರ ಬರೆಯಲು ಕೂತೆ.

ಕಡಿಮೆ ದುಡ್ಡಿನ ಪ್ರವಾಸದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಗುಂಪಿನಲ್ಲಿ ಇದ್ದವರಾದರೂ ಯಾರು? ಬೀಜದ ಕಂಪನಿಯಲ್ಲಿ ಪ್ಯಾಕಿಂಗ್ ಮಾಡುವವರು, ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಖಾಸಗಿ ಶಾಲೆಯ ಟೀಚರುಗಳು, ಈಗಷ್ಟೇ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರು. ತಲೆಗೆ ₹1,499 ಎಂದರೆ ಮನೆಯಲ್ಲಿ ಕೇಳಬಹುದಾದ, ಸಂಬಳದಲ್ಲಿ ಉಳಿಸಬಹುದಾದ ಮೊತ್ತ. ನನ್ನ ತಕರಾರು ಇರುವುದು ಅಗ್ಗ ಮಾಡಲು ಕತ್ತರಿ ಹಾಕಿದ ಜಾಗದ ಬಗ್ಗೆ. ಫೋಟೋದಲ್ಲಿ ಬೀಳುವ ಯಾವುದಕ್ಕೂ ಕತ್ತರಿ ಬಿದ್ದಿರಲಿಲ್ಲ: ಬಣ್ಣದ ಟೆಂಟು, ಸರದ ದೀಪ, ಬೆಂಕಿ, ಸ್ಪೀಕರ್ ಎಲ್ಲ ಇದ್ದವು. ಫೋಟೋದಲ್ಲಿ ಬೀಳದ ಪಾಯಖಾನೆ, ನೀರು, ಕಾವಲು, ಡ್ರೈವರನ ನಿದ್ದೆ ಇವುಗಳಿಗೆ ಮಾತ್ರ ಒಂದೊಂದಕ್ಕೂ ಬಿದ್ದಿತ್ತು.

ನಮ್ಮ ಟ್ರಿಪ್ಪಿನ ಪೋಸ್ಟರಿನ ಮೊದಲ ಸಾಲಿನಿಂದಲೇ ಶುರು ಮಾಡೋಣ. ‘ಓಂ ಬೀಚಿನಲ್ಲಿ ಸನ್‌ಸೆಟ್’ ಎಂದಿತ್ತು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ನಾವು ರಾಣೇಬೆನ್ನೂರು ಬಿಟ್ಟಾಗ ಎರಡೂವರೆ. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯವರು ಹತ್ತಿದರು, ಹಾವೇರಿಯಲ್ಲಿ ಉಳಿದವರಿಗಾಗಿ ಕಾದೆವು, ಆಮೇಲೆ ಹಾನಗಲ್, ಶಿರಸಿ, ದೇವಿಮನೆ ಘಟ್ಟ, ಕುಮಟಾ. ಒಟ್ಟು 200 ಕಿ.ಮೀ. ಆಸುಪಾಸಿನ ದಾರಿ, ಅದರಲ್ಲಿ ಘಟ್ಟದ ತಿರುವುಗಳು. ಡಿಸೆಂಬರಿನಲ್ಲಿ ಕರಾವಳಿಯ ಸೂರ್ಯ ಆರು ದಾಟಿ ಸ್ವಲ್ಪದರಲ್ಲೇ ಮುಳುಗುತ್ತಾನೆ. ಶನಿವಾರ ಆ ಹೊತ್ತಿಗೆ ನಮ್ಮೂರು ಬಿಟ್ಟ ಯಾವ ಗಾಡಿಯೂ ಆ ಸೂರ್ಯಾಸ್ತವನ್ನು ಮುಟ್ಟಲಾರದು. ಅದೇ ದಾರಿಯಲ್ಲಿ ವಾರವಾರ ಗಾಡಿ ಕಳಿಸುವವರಿಗೆ ಇದು ಗೊತ್ತಿರದೆ ಇರುತ್ತದೆಯೇ? ಭಾನುವಾರ ಮಧ್ಯಾಹ್ನದ ಊಟಕ್ಕೆ ಮೊದಲೇ ಹೊರಡಿಸಿದ್ದರಿಂದ, ಎರಡು ದಿನದ ಪ್ರವಾಸ ಎಂದು ಮಾರಿದ್ದರಲ್ಲಿ ನಮಗೆ ಸಮುದ್ರ ಸಿಕ್ಕಿದ್ದು ಒಂದು ಬೆಳಗು.

ಇನ್ನು ಟೆಂಟು. ನಮ್ಮನ್ನು ಇಳಿಸಿದ್ದು ಗೇರುಗಿಡಗಳ ನಡುವಿನ ಒಂದು ಬಯಲಿನಲ್ಲಿ. ಸಮುದ್ರದ ಸದ್ದಿತ್ತು, ಸಮುದ್ರವಿರಲಿಲ್ಲ. ‘ಬೀಚ್ ಎಲ್ಲಿ?’ ಎಂದರೆ, ‘ಹಿಂಗ ಇಳದ್ರ ಹತ್ತು ಮಿನಿಟ್ರಿ ಅಕ್ಕಾರ, ಮುಂಜಾನೆ ತೋರಸ್ತೀವಿ’ ಎಂದ ಅಲ್ಲಿದ್ದ ಹುಡುಗ. ಇದಕ್ಕೊಂದು ಕಾರಣವೂ ಇದೆ, ಹೋಗುವವರು ತಿಳಿದಿರುವುದು ಒಳ್ಳೆಯದು. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ನೆಲ ಸಾಮಾನ್ಯವಾಗಿ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮದೊಳಗೆ ಬರುತ್ತದೆ. ಈಗಿನ ಅಧಿಸೂಚನೆ 2019ರದು. ಮರಳಿನ ಮೇಲೆ ಯಾರು ಬೇಕಾದರೂ ಟೆಂಟು ಹೊಡೆದು ದಂಧೆ ಮಾಡುವಂತಿಲ್ಲ. ಹೀಗಾಗಿ ‘ಬೀಚ್ ಕ್ಯಾಂಪಿಂಗ್’ ಎಂದು ಮಾರುವುದು ಎಷ್ಟೋ ಕಡೆ ಯಾರದೋ ಹಿತ್ತಲಿನ ಕ್ಯಾಂಪಿಂಗ್. ಹಿತ್ತಲಾದರೂ ಅಡ್ಡಿಯಿಲ್ಲ, ಹಿತ್ತಲೆಂದು ಮೊದಲೇ ಹೇಳಲಿ.

ಟೆಂಟು ರಾತ್ರಿ ಒಂದರ ಹೊತ್ತಿಗೆ ಒಳಗಿನಿಂದ ಬೆವರತೊಡಗಿತು. ನಮ್ಮ ಕಡೆಯ ಒಣ ಚಳಿ ಅಲ್ಲಿಲ್ಲ, ಕಡಲ ಬದಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ. ಒಂದೇ ಪದರದ ಪಾಲಿಸ್ಟರ್ ಬಟ್ಟೆಯೊಳಗೆ ನಾಲ್ವರು ಮಲಗಿದರೆ ಉಸಿರಿನ ತೇವವೂ ಸೇರಿ, ತಣ್ಣಗಾದ ಬಟ್ಟೆಗೆ ತಾಗಿ ನೀರಾಗಿ ಇಳಿಯುತ್ತದೆ. ಮೇಲೆ ಇನ್ನೊಂದು ಹೊದಿಕೆ, ನಡುವೆ ಗಾಳಿಯಾಡಲು ಜಾಗ ಇರುವ ಟೆಂಟಿನಲ್ಲಿ ಈ ಕಾಟ ಬಹಳ ಕಡಿಮೆ. ಅದರ ಬೆಲೆ ಹೆಚ್ಚು, ಆದರೆ ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಪಾಯಖಾನೆಯ ವಿಷಯವನ್ನು ಗಂಡುಹುಡುಗರು ಬರೆಯುವುದಿಲ್ಲ, ಹೆಣ್ಣುಮಕ್ಕಳು ನಾಚಿಕೊಂಡು ಬಿಡುತ್ತಾರೆ. ಆದ್ದರಿಂದ ನಾನೇ ಬರೆಯುತ್ತೇನೆ. ಅಡ್ವಾನ್ಸ್ ಕೊಡುವಾಗ ಫೋನಿನಲ್ಲಿ ಕೇಳಿದ್ದೆ. ‘ಲೇಡೀಸ್‌ಗೆ ಬ್ಯಾರೆ ವ್ಯವಸ್ಥಾ ಐತ್ರಿ’ ಎಂಬ ಉತ್ತರ ಬಂದಿತ್ತು. ಅಲ್ಲಿದ್ದದ್ದು ಎಲ್ಲ ಟೆಂಟುಗಳಿಗೂ ಸೇರಿ ತಗಡಿನ ಎರಡು ಗೂಡು. ಹೆಂಗಸರದು ಎಂದು ತೋರಿಸಿದ್ದಕ್ಕೆ ಚಿಲಕವಿರಲಿಲ್ಲ. ಚಿಲಕದ ತೂತಿಗೆ ಸುತಳಿ ಕಟ್ಟಿದ್ದರು. ಒಳಗೆ ಕೂತವರು ಅದನ್ನು ಎಳೆದು ಹಿಡಿದುಕೊಳ್ಳಬೇಕು, ಇನ್ನೊಂದು ಕೈಯಲ್ಲಿ ಮೊಬೈಲ್ ಟಾರ್ಚು. ಡ್ರಮ್ಮಿನ ತಳದಲ್ಲಿ ನಾಲ್ಕು ಬೆರಳು ನೀರು, ಅದರಲ್ಲಿ ಮರಳು. ನಾವು ಐದು ಜನ ಹೆಂಗಸರು ಪಾಳಿ ಮಾಡಿಕೊಂಡೆವು: ಒಬ್ಬರು ಒಳಗೆ, ಒಬ್ಬರು ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ. ನಮ್ಮಲ್ಲಿ ಚಿಕ್ಕವಳು ರಾತ್ರಿ ಊಟಕ್ಕೂ ನೀರು ಕುಡಿಯಲಿಲ್ಲ. ‘ಯಾಕವ್ವ?’ ಎಂದರೆ, ‘ಎದ್ದು ಹೋಗೂದು ಬ್ಯಾಡಲ್ರಿ ಅಕ್ಕಾ’ ಎಂದಳು. ಆ ಹುಡುಗಿ ಕೂಡ ಪೂರ್ತಿ ₹1,499 ಕೊಟ್ಟು ಬಂದವಳು.

ಆ ರಾತ್ರಿ ಹತ್ತು ಗಂಟೆಗೆ ಇಬ್ಬರು ಪೊಲೀಸರು ಬಂದು ಸ್ಪೀಕರ್ ನಿಲ್ಲಿಸಿದ್ದಕ್ಕೆ ನಮ್ಮ ಹುಡುಗರು ಗೊಣಗಿದರು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದೆಂಬ ನಿಯಮ 2000ದಿಂದಲೇ ದೇಶಕ್ಕೆಲ್ಲ ಇದೆ. ‘ರಾತ್ರಿಯಿಡೀ ಡಿಜೆ’ ಎಂದು ಪೋಸ್ಟರಿನಲ್ಲಿ ಅಚ್ಚು ಹಾಕಿಸಿದವರು ಆ ಹೊತ್ತಿಗೆ ಅಲ್ಲಿರಲಿಲ್ಲ.

ಈಗ ಲೆಕ್ಕ. ಹನ್ನೆರಡು ಜನ, ತಲೆಗೆ ₹1,499, ಒಟ್ಟು ₹17,988. ಹೋಗಿ ಬರುವ ದಾರಿ 400 ಕಿ.ಮೀ. ಎನ್ನಿ. ಟಿಟಿ ಬಾಡಿಗೆ ಕಿ.ಮೀ.ಗೆ ₹22 ಹಿಡಿದರೂ ₹8,800. ಡ್ರೈವರನ ಭತ್ಯೆ, ಟೋಲು ಕಳೆದರೆ ಕೈಯಲ್ಲಿ ಉಳಿಯುವುದು ಎಂಟೂವರೆ ಸಾವಿರದ ಒಳಗೆ, ಅಂದರೆ ತಲೆಗೆ ₹700. ಅದರಲ್ಲೇ ರಾತ್ರಿಯ ಊಟ, ಬೆಳಗಿನ ನಾಷ್ಟಾ, ಟೆಂಟಿನ ಬಾಡಿಗೆ, ಜಾಗದವರ ಪಾಲು, ಕಟ್ಟಿಗೆ, ಸ್ಪೀಕರ್, ಕೊನೆಗೆ ಪ್ಯಾಕೇಜಿನವರ ಲಾಭ. ಚಿಲಕ ಕೊಳ್ಳಲು ದುಡ್ಡು ಎಲ್ಲಿಂದ ಬರಬೇಕು? ಕಾವಲಿಗೆ ಒಬ್ಬನನ್ನು ಇಡುವುದು ಹೇಗೆ? ಡ್ರೈವರನಿಗೆ ಮಲಗಲು ಕೋಣೆ ಯಾರು ಕೊಡಬೇಕು? ಈ ಲೆಕ್ಕ ಹಾಕಲು ಸಿಎ ಓದಬೇಕಿಲ್ಲ, ನಮ್ಮ ದಲಾಲಿ ಅಂಗಡಿಯ ಹುಡುಗರು ಬೆರಳಿನಲ್ಲೇ ಹಾಕುತ್ತಾರೆ.

ಡ್ರೈವರನ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮನ್ನು ಕರೆದೊಯ್ದ ತಮ್ಮ ಆ ರಾತ್ರಿ ಮಲಗಿದ್ದು ಸ್ಟೀರಿಂಗಿನ ಹಿಂದೆ, ಸೊಳ್ಳೆಗಳ ನಡುವೆ. ಮರುದಿನ ಘಟ್ಟ ಹತ್ತುವಾಗ ಕಿಟಕಿ ತೆರೆದು ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತಿದ್ದ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬಂದದ್ದು: ದಿನಕ್ಕೆ ಎಂಟು ಗಂಟೆ ದುಡಿಮೆ, ನಡುವೆ ವಿಶ್ರಾಂತಿ ಎಂದು ಅದು ಆಗಲೇ ಹೇಳಿತ್ತು. ವಾರಾಂತ್ಯದ ಟಿಟಿಗಳಲ್ಲಿ ಆ ಮಾತು ಎತ್ತುವವರಿಲ್ಲ.

ನಮ್ಮ ಜಿಲ್ಲೆಯವರಿಗೆ ದಾರಿಯ ಅಪಾಯವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. 2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿಯ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟಿಟಿ ಗುದ್ದಿ 13 ಜನ ಸತ್ತರು. ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯವರು, ದೇವರ ದರ್ಶನ ಮುಗಿಸಿ ರಾತ್ರಿಯಿಡೀ ಪ್ರಯಾಣ ಮಾಡಿ ಊರಿಗೆ ಮರಳುತ್ತಿದ್ದವರು. ಇನ್ನೊಂದು, 2025ರ ಜನವರಿ 22. ಸವಣೂರಿನಿಂದ ಹಣ್ಣು, ತರಕಾರಿ ಹೇರಿಕೊಂಡು ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ಕಂದಕಕ್ಕೆ ಉರುಳಿ 10 ಜನ ಹೋದರು. ಅವರು ಹೊಟ್ಟೆಪಾಡಿಗೆ ಘಟ್ಟ ಇಳಿಯಲೇಬೇಕಿತ್ತು. ನಾವು ಖುಷಿಗೆ ಹೋಗುವವರು, ಡ್ರೈವರನಿಗೆ ಒಂದು ರಾತ್ರಿ ಮಂಚದ ಮೇಲೆ ನಿದ್ದೆ ಕೊಡಿಸದಷ್ಟು ಅವಸರ ನಮಗೇಕೆ? ಹನ್ನೆರಡು ಜನ ತಲೆಗೆ ₹50 ಹೆಚ್ಚಿಗೆ ಹಾಕಿದರೆ ಅವನ ಕೋಣೆಯ ದುಡ್ಡು ಹುಟ್ಟುತ್ತದೆ.

ಇನ್ನು ನೀರು. ನಾವು ಬಯಲುಸೀಮೆಯ ಮಂದಿ. ತುಂಗಭದ್ರೆ, ವರದೆ ಗೊತ್ತು, ಕೆರೆಯ ಏರಿ ಗೊತ್ತು, ಕಡಲಿನ ಉಬ್ಬರ ಇಳಿತ ಗೊತ್ತಿಲ್ಲ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಇನ್ನೂ ಮೇಲೇರುತ್ತದೆ. ನಿನ್ನೆ ಸಂಜೆ ಒಣಗಿದ್ದ ಬಂಡೆಯ ಸುತ್ತ ಇವತ್ತು ಅದೇ ಹೊತ್ತಿಗೆ ನೀರು ನಿಂತಿರಬಹುದು. ಅಲೆ ಒಡೆಯದೆ ಸಮತಟ್ಟಾಗಿ, ಶಾಂತವಾಗಿ ಕಾಣುವ ಜಾಗದಲ್ಲೇ ಎಷ್ಟೋ ಸಲ ಒಳಗೆಳೆಯುವ ಸೆಳೆತವಿರುತ್ತದೆ. ಅದರಲ್ಲಿ ಸಿಕ್ಕಿದರೆ ದಡಕ್ಕೆ ಎದುರಾಗಿ ಈಜಲು ಹೋಗಿ ದಣಿಯಬಾರದು, ದಡದ ಗುಂಟ ಪಕ್ಕಕ್ಕೆ ಸರಿದು ಸೆಳೆತ ದಾಟಬೇಕು. ಇದನ್ನು ನಮಗೆ ಯಾರೂ ಹೇಳಲಿಲ್ಲ. ಬೆಳಗಿನ ಆರಕ್ಕೇ ‘ಎಂಜಾಯ್ ಮಾಡ್ರಿ’ ಎಂದು ಇಳಿಸಿ ಹೋದರು, ಆಗ ಆ ದಂಡೆಯಲ್ಲಿ ಒಬ್ಬ ಲೈಫ್‌ಗಾರ್ಡೂ ಕಾಣಲಿಲ್ಲ.

2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುಳುಗಿ ಹೋದರು. ಅವರೂ ನಮ್ಮ ಹಾಗೆ ಒಳನಾಡಿನವರು. ಆಮೇಲೆ ಶಿಕ್ಷಕರ ಬಂಧನವಾಯಿತು, ಬೀಚನ್ನು ಕೆಲವು ದಿನ ಮುಚ್ಚಿದರು, ಸರ್ಕಾರ ಪರಿಹಾರ ಘೋಷಿಸಿತು. ಎಲ್ಲವೂ ಆದದ್ದು ಮಕ್ಕಳು ಹೋದ ಮೇಲೆ. ಮಳೆಗಾಲದ ಟ್ರಿಪ್ಪಿಗೆ ರಿಯಾಯಿತಿ ಕೊಡುತ್ತಾರಲ್ಲ, ಅದಕ್ಕೂ ಒಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳೇ ಮೀನಿಗೆ ಹೋಗುವಂತಿಲ್ಲ. ಮೀನು ಮರಿ ಮಾಡುವ ಕಾಲವೆಂದು ಆ ನಿಷೇಧ, ಜೊತೆಗೆ ಕಡಲೂ ಕೆರಳಿರುತ್ತದೆ. ಕಡಲಲ್ಲೇ ಹುಟ್ಟಿ ಬೆಳೆದವರು ದಡದಲ್ಲಿ ಕೂತಿರುವಾಗ ನಾವು ನೀರಿಗೆ ಇಳಿಯಬೇಕೇ?

ಆ ದಂಡೆ ನಮಗಷ್ಟೇ ಸೇರಿದ್ದೂ ಅಲ್ಲ. ಕ್ಯಾಂಪಿಂಗಿಗೆ ಹೇಳಿಮಾಡಿಸಿದ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗಿನ ತಿಂಗಳುಗಳಲ್ಲೇ ಆಲಿವ್ ರಿಡ್ಲೆ ಕಡಲಾಮೆಗಳು ಉತ್ತರ ಕನ್ನಡದ ದಂಡೆಗಳಿಗೆ ಬಂದು ಮೊಟ್ಟೆ ಇಡುತ್ತವೆ. ಹೊನ್ನಾವರದ ಕಾಸರಕೋಡಿನ ಟೊಂಕ ಇದಕ್ಕೆ ಹೆಸರಾದ ಜಾಗ. ಮೊಟ್ಟೆಯೊಡೆದ ಮರಿಗಳು ಬೆಳಕಿನ ಕಡೆಗೆ ಸಾಗಿ ಕಡಲು ಸೇರುತ್ತವೆ. ದಂಡೆಯ ಮೇಲೆ ಬೆಂಕಿ, ದೀಪ ಇದ್ದರೆ ದಾರಿ ತಪ್ಪಿ ನೆಲದ ಕಡೆ ಹೊರಟು ಸಾಯುತ್ತವೆ. 1974ರಲ್ಲಿ ಘೋಷಣೆಯಾದ ನಮ್ಮ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ನಡುವೆ ಬೇರೆ ಜಿಲ್ಲೆಯವರು ಬಂದು ಬೆಂಕಿ ಹಾಕಿ ಕುಣಿದು, ಬಾಟಲಿ ಬಿಟ್ಟು ಹೋದರೆ ನಾವು ಸುಮ್ಮನಿರುತ್ತಿದ್ದೆವೇ? ಗೋಕರ್ಣದ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬಳು ಹೂವಿನ ಬುಟ್ಟಿ ಹೊತ್ತು ಹೋಗುವಾಗ ನಮ್ಮ ಗುಂಪು ಬಿಟ್ಟ ಪೇಪರ್ ಪ್ಲೇಟುಗಳನ್ನು ಕಾಲಿನಿಂದ ಸರಿಸಿ ದಾರಿ ಮಾಡಿಕೊಂಡದ್ದನ್ನು ನೀವೂ ನೋಡಿದ್ದೀರಿ.

ಹಾಗಾದರೆ ಹೋಗುವುದೇ ಬೇಡವೇ? ಖಂಡಿತ ಹೋಗಿ. ಬೆಳಗಿನ ಆ ನಾಲ್ಕು ತಾಸಿನಲ್ಲಿ ಕುಡ್ಲೆ ಬೀಚಿನಿಂದ ಗುಡ್ಡ ಹತ್ತಿ ಓಂ ಬೀಚಿಗೆ ನಡೆದದ್ದಿದೆಯಲ್ಲ, ಅದು ಯಾವ ಪ್ಯಾಕೇಜಿನ ಕೃಪೆಯೂ ಅಲ್ಲ, ಬಿಟ್ಟಿ ಸಿಕ್ಕಿದ ಸುಖ. ಆದರೆ ಹೋಗುವ ಮುಂಚೆ ನಮ್ಮೂರಿನ ಬುದ್ಧಿ ಸ್ವಲ್ಪ ಉಪಯೋಗಿಸಿ. ಸೋಮವಾರ, ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ನೋಡಿ. ಕಡ್ಡಿಯಿರಲಿ, ಡಬ್ಬಿಯಿರಲಿ, ಖರೀದಿದಾರ ಲಾಟಿನ ಮುಂದೆ ಬಗ್ಗಿ ಕಾಯಿ ಹಿಡಿದು, ಮುರಿದು, ಬಣ್ಣ ಮತ್ತು ತೇವ ನೋಡದೆ ರೇಟು ಹಾಕುವುದಿಲ್ಲ. ಆ ಮಾರುಕಟ್ಟೆಯ ನೆರಳಿನಲ್ಲಿ ಬೆಳೆದವರು ಟೆಂಟಿನ ಚಿತ್ರವೊಂದನ್ನು ನೋಡಿ ಫೋನ್‌ಪೇ ಮಾಡುವುದು ನಮ್ಮ ಊರಿಗೆ ಒಪ್ಪುವ ವ್ಯಾಪಾರವಲ್ಲ.

ಅಡ್ವಾನ್ಸಿಗೆ ಮೊದಲು ಕೇಳಬೇಕಾದದ್ದು ಇಷ್ಟೇ. ಟೆಂಟಿನ ಜಾಗದ ಲೊಕೇಶನ್ ಕಳಿಸಿ ಎನ್ನಿ. ಬೀಚಿನಿಂದ ಎಷ್ಟು ದೂರ ಎಂದು ಮೊಬೈಲೇ ಹೇಳುತ್ತದೆ. ಎಷ್ಟು ಜನರಿಗೆ ಎಷ್ಟು ಪಾಯಖಾನೆ, ಚಿಲಕ ಮತ್ತು ದೀಪ ಇದೆಯೇ, ರಾತ್ರಿಯಿಡೀ ಅಲ್ಲಿರುವ ಜವಾಬ್ದಾರ ಮನುಷ್ಯ ಯಾರು, ಅವರ ನಂಬರ್ ಏನು ಎಂದು ಬರಹದಲ್ಲಿ ತರಿಸಿಕೊಳ್ಳಿ. ಗಾಡಿಗೆ ಹಳದಿ ಬೋರ್ಡ್ ಇದೆಯೇ ನೋಡಿ. ಬಿಳಿ ಬೋರ್ಡಿನ ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ ವಿಮೆಯ ಕಂಪನಿ ತಕರಾರು ತೆಗೆಯುತ್ತದೆ. ಡ್ರೈವರ್ ಎಲ್ಲಿ ಮಲಗುತ್ತಾನೆ ಎಂದು ಕೇಳಿ. ದೋಣಿ ಹತ್ತಿಸುವುದಾದರೆ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿ. ಉತ್ತರದ ಬದಲು ‘ಎಲ್ಲಾ ವ್ಯವಸ್ಥಾ ಐತ್ರಿ’ ಎಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

ಪ್ಯಾಕೇಜೇ ಬೇಡವೆನ್ನುವವರಿಗೆ ಸರ್ಕಾರಿ ಬಸ್ಸಿದೆ. ಹಾವೇರಿಯಿಂದ ಶಿರಸಿ, ಶಿರಸಿಯಿಂದ ಕುಮಟಾ, ಅಲ್ಲಿಂದ ಗೋಕರ್ಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾದಾ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಆ ದುಡ್ಡನ್ನು ಗೋಕರ್ಣದ ಪೇಟೆಯಲ್ಲಿ ಚಿಲಕವಿರುವ ಒಂದು ಕೋಣೆಗೆ ಹಾಕಿ. ಶನಿವಾರದ ಬದಲು ವಾರದ ನಡುವೆ ರಜೆ ಸಿಕ್ಕರೆ ಕೋಣೆಯ ದರವೂ ಇಳಿಯುತ್ತದೆ. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಪೋಸ್ಟರಿನಲ್ಲಿದ್ದ ಸೂರ್ಯಾಸ್ತವೂ ಸಿಗುತ್ತದೆ. ಮನೆಯ ಹಿರಿಯರು, ಮಕ್ಕಳು ಜೊತೆಗಿದ್ದರೆ ಹೊನ್ನಾವರದ ಕಾಸರಕೋಡ್ ಬೀಚಿಗೆ ಹೋಗಿ. 2020ರಲ್ಲಿ ಪಡುಬಿದ್ರಿಯ ಜೊತೆ ಅದಕ್ಕೂ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಶೌಚಾಲಯ, ಜೀವ ಉಳಿಸುವ ವ್ಯವಸ್ಥೆ, ನೀರಿನ ಶುದ್ಧತೆಯ ಪರೀಕ್ಷೆ ಇಲ್ಲದೆ ಆ ಮನ್ನಣೆ ಕೊಡುವುದಿಲ್ಲ.

ನಮ್ಮ ಮೂರು ಊರುಗಳಲ್ಲಿ ಟ್ರಿಪ್ ಮಾಡಿಸುವ ತಮ್ಮಂದಿರೂ ಇದನ್ನು ಓದುತ್ತಿರಬಹುದು. ನಿಮ್ಮ ಹೊಟ್ಟೆಯ ಮೇಲೆ ಹೊಡೆಯುವ ಆಸೆ ನನಗಿಲ್ಲ. ₹1,499ಕ್ಕೆ ಆಗುವುದಿಲ್ಲ ಎಂದರೆ ₹1,999 ಎನ್ನಿ, ಆ ₹500 ಎಲ್ಲಿಗೆ ಹೋಯಿತು ಎಂದು ತೋರಿಸಿ. ಕೊಡುವವರು ಕೊಡುತ್ತಾರೆ.

ಕೊಟ್ಟು ಮೋಸ ಹೋದವರಿಗೆ ದಾರಿಯಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಬ್ಯಾಡಗಿಯವರಿಗೂ ರಾಣೇಬೆನ್ನೂರಿನವರಿಗೂ ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗವೇ ಸಾಕು, ಗೋಕರ್ಣಕ್ಕೆ ಅಲೆಯಬೇಕಿಲ್ಲ. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದವರೆಗೆ ಅವಧಿ ಇದೆ. ಅಷ್ಟು ದೂರ ಹೋಗಲು ಮನಸ್ಸಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಪೋಸ್ಟರ್, ಹಣ ಕಳಿಸಿದ ರಸೀದಿ, ಮೆಸೇಜುಗಳನ್ನು ಅಳಿಸದೆ ಇಟ್ಟುಕೊಳ್ಳಿ.

ನಮ್ಮ ಗುಂಪಿನಲ್ಲಿ ಪೋಸ್ಟರ್ ಇನ್ನೂ ಯಾರ ಹತ್ತಿರ ಇದೆಯೋ ಅವರು ನನಗೆ ಕಳಿಸಿ, ನಾನು ದೂರು ಬರೆಯುತ್ತಿದ್ದೇನೆ. ಸಹಿ ಹಾಕಲು ಹನ್ನೆರಡೂ ಜನ ಬರಬೇಕಿಲ್ಲ, ಅಡ್ವಾನ್ಸ್ ಕೊಟ್ಟಿರುವ ಆ ಬ್ಯಾಡಗಿಯ ಹುಡುಗರು ಕೇಳಿದಾಗ ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಸಾಕು.

ಇಂತಿ,
ನಿಮ್ಮ ಜೊತೆ ಅದೇ ಟಿಟಿಯಲ್ಲಿ ಬಂದ ಅಕ್ಕ,
ರಾಣೇಬೆನ್ನೂರು